ಎಡಗೈಯ ಜಡ್ಡು

ಹೊಂಡದ ಒಲೆಯಿಂದ ಕೆಸುವಿನೆಲೆಯ ಪೊಟ್ಟಣವನ್ನು ಬರಿಗೈಯಲ್ಲಿ ಎತ್ತುವವರು ಊರಲ್ಲಿ ಇಲ್ಲವೆಂದಲ್ಲ. ಎತ್ತುತ್ತಾರೆ, ಅಯ್ಯಯ್ಯೋ ಎಂದು ಕೈಯಿಂದ ಕೈಗೆ ಹಾರಿಸುತ್ತಾರೆ, ಬೆರಳು ಬಾಯಿಗಿಟ್ಟುಕೊಂಡು ಕುಣಿಯುತ್ತಾರೆ, ನೋಡುವವರಿಗೆ ಪುಕ್ಕಟೆ ಮನರಂಜನೆ. ಆ ಭಾನುವಾರ ಸೆಮಿಸಿ ಮಾತ್ರ ಕುಣಿಯಲಿಲ್ಲ. ಬಲಗೈಗೆ ಬಾಳೆಲೆ ಸುತ್ತಿಕೊಂಡು ಕಾದ ಕಲ್ಲುಗಳನ್ನು ಸರಿಸಿದ. ಎಡಗೈ ಬರಿದಾಗಿತ್ತು. ಅದರ ನಾಲ್ಕು ಬೆರಳ ತುದಿಗಳ ಮೇಲೆ ಪೊಟ್ಟಣವನ್ನು ಎತ್ತಿಕೊಂಡ. ಹೆಬ್ಬೆರಳನ್ನು ಮಾತ್ರ ಜಾಣತನದಿಂದ ದೂರ ಹಿಡಿದಿದ್ದ. ಹೆಂಡತಿ ಮಕೆಲೆಸಿ ತಟ್ಟೆ ಹುಡುಕಿ ತರುವವರೆಗೂ ಹಾಗೇ ನಿಂತು, ನಾಳೆ ಮಳೆ ಬರಬಹುದು ಎಂದು ಯಾರಿಗೋ ಹೇಳುತ್ತಿದ್ದ.

ಲೆಸಿಯೆಲಿ ಜಗಲಿಯಿಂದ ಇದನ್ನು ನೋಡಿದಳು. ನೋಡಿ ಸುಮ್ಮನಾಗುವ ಜನ್ಮ ಅವಳದಲ್ಲ. ಏನು ಕಂಡರೂ ಯಾಕೆ ಎಂದು ಕೇಳುವ ಚಟ ಅವಳಿಗೆ ಹಲ್ಲು ಬಂದಾಗಿನಿಂದ ಇತ್ತು. ಬೈಬಲ್ ಪಾಠದಲ್ಲಿ ಪಾದ್ರಿಗಳು ಅವಳ ಕಡೆ ನೋಡುವುದನ್ನೇ ಬಿಟ್ಟಿದ್ದರು. ಐವತ್ತು ದಾಟಿದ ಮೇಲೂ ಚಟ ಹೋಗಿರಲಿಲ್ಲ.

"ಮಕೆಲೆಸಿ, ನಿನ್ನ ಗಂಡನ ಎಡಗೈ ಏನು ಕಟ್ಟಿಗೇದಾ?" ಎಂದು ಕೂಗಿದಳು.

"ಬಲಗೈಯೂ ಕಟ್ಟಿಗೇದೇ ಅತ್ತಿಗೆ. ಮನೆ ಕೆಲಸಕ್ಕೆ ಮಾತ್ರ ಏಳಲ್ಲ" ಎಂದಳು ಮಕೆಲೆಸಿ. ಒಲೆಯ ಸುತ್ತ ಇದ್ದವರು ನಕ್ಕರು. ಸೆಮಿಸಿ ತಲೆ ಎತ್ತಲಿಲ್ಲ. ಅಕ್ಕನೆದುರು ತಲೆ ಎತ್ತಿ ನಗುವ ಪದ್ಧತಿ ಇಲ್ಲ.

ಸೆಮಿಸಿ ಲೆಸಿಯೆಲಿಗೆ ಸೋದರಮಾವನ ಮಗ. ಅವರು ಬಾಳುವ ದೂರದ ಕಡಲ ದ್ವೀಪಗಳಲ್ಲಿ ಸೋದರಮಾವನ ಮಗನೂ ಒಡಹುಟ್ಟಿದ ತಮ್ಮನೇ. ಅಕ್ಕ ತಮ್ಮ ದೊಡ್ಡವರಾದ ಮೇಲೆ ಒಂದೇ ಕೋಣೆಯಲ್ಲಿ ಕೂತು ಹರಟುವುದಿಲ್ಲ, ಕೈ ಕೈ ತಾಗಿಸುವುದಂತೂ ದೂರದ ಮಾತು. ಇನ್ನು ಸೋದರತ್ತೆ ಎಂದರೆ ಅಣ್ಣನ ಮಕ್ಕಳ ಪಾಲಿಗೆ ಮಹಾರಾಣಿ. ಲೆಸಿಯೆಲಿಯ ತಾಯಿ, ಅಂದರೆ ಅವನ ಸೋದರತ್ತೆ ಫಲಕಿಕಾ ಹೋದ ವರ್ಷ ತೀರಿಕೊಂಡಾಗ, ಸೆಮಿಸಿ ತಲೆ ಬೋಳಿಸಿಕೊಂಡ. ಮೊಣಕಾಲಿನ ಕೆಳಗೂ ಜೋಲುವ ಒರಟು ಹರಕು ಚಾಪೆಯನ್ನು ಕಪ್ಪು ಬಟ್ಟೆಯ ಮೇಲೆ ಸೊಂಟಕ್ಕೆ ಸುತ್ತಿ, ತೆಂಗಿನ ನಾರಿನ ಹುರಿಯಿಂದ ಬಿಗಿದುಕೊಂಡ. ಶವದ ಹತ್ತಿರ ಕೂರುವ ಹಕ್ಕಿಲ್ಲದ ಅಳಿಯನಾಗಿ ಹಿತ್ತಲ ಒಲೆಯ ಹೊಗೆಯಲ್ಲಿ ಉಳಿದ. ಭಾನುವಾರದ ಅಡುಗೆ ಅಂದಿನಿಂದ ಅವನದೇ. ಎಲ್ಲಕ್ಕಿಂತ ದೊಡ್ಡ ಕಟ್ಟು ಇನ್ನೊಂದಿತ್ತು: ವರ್ಷ ತುಂಬುವವರೆಗೆ ಗಿಟಾರ್ ಮುಟ್ಟುವಂತಿಲ್ಲ. ಆ ದ್ವೀಪದಲ್ಲಿ ಸೆಮಿಸಿಯಷ್ಟು ಚೆನ್ನಾಗಿ ಗಿಟಾರ್ ನುಡಿಸುವವರು ಇರಲಿಲ್ಲವಾದ್ದರಿಂದ ಕಟ್ಟು ಇಡೀ ಊರಿಗೇ ಬಿದ್ದಂತಾಗಿತ್ತು.

ಲೆಸಿಯೆಲಿಗೂ ಒಂದು ಕಟ್ಟು ಇತ್ತು. ತಾಯಿ ಮಗಳು ಇಬ್ಬರೂ ತೊಗಟೆ ಬಟ್ಟೆ ಬಡಿಯುವವರು. ಮರದ ತೊಗಟೆಯನ್ನು ದಿಮ್ಮಿಯ ಮೇಲೆ ಹಾಸಿ, ಕೊಡತಿಯಿಂದ ಬಡಿದು ಬಡಿದು ಅಗಲ ಮಾಡುವ ಕೆಲಸ. ಆ ಸದ್ದೂ ವರ್ಷದ ಮಟ್ಟಿಗೆ ನಿಂತಿತ್ತು. ಹಾಗಾಗಿ ಜಡ್ಡಿನ ವಿಷಯದಲ್ಲಿ ಅವಳಿಗೆ ಹೊಸ ಜ್ಞಾನ ಬಂದಿತ್ತು. ಕೊಡತಿ ಹಿಡಿದು ಹಿಡಿದು ಬಲ ಅಂಗೈಯಲ್ಲಿ ಬೆಳೆದಿದ್ದ ಜಡ್ಡು, ತಾಯಿ ಹೋದ ಮೇಲೆ ಮೊದಲು ಹಳದಿಯಾಯಿತು, ಆಮೇಲೆ ಅಂಚಿನಲ್ಲಿ ಎದ್ದಿತು, ಆಮೇಲೆ ಈರುಳ್ಳಿ ಸಿಪ್ಪೆ ಬಿಟ್ಟ ಹಾಗೆ ಪದರ ಪದರ ಬಿಟ್ಟಿತು. ಅವಳು ದಿನಾ ಅದನ್ನು ನೋಡಿಕೊಳ್ಳುತ್ತಿದ್ದಳು. ಇಷ್ಟು ವರ್ಷದ ಗಟ್ಟಿ ಚರ್ಮ ಇಷ್ಟು ಬೇಗ ಎಲ್ಲಿಗೆ ಹೋಯಿತು ಎಂದು ಆಶ್ಚರ್ಯಪಡುತ್ತಿದ್ದಳು. ಅಡಿಯಿಂದ ಬಂದ ಚರ್ಮ ಬೇರೆ ಯಾರದೋ ಎಂಬಷ್ಟು ಮೆತ್ತಗಿತ್ತು. ಅದು ಅವಳಿಗೆ ಇಷ್ಟವಾಗಿರಲಿಲ್ಲ.

ತನ್ನ ಅಂಗೈ ಮೆತ್ತಗಾಗಿದೆ. ಅವನ ಬೆರಳು ಯಾಕೆ ಮೆತ್ತಗಾಗಿಲ್ಲ?

ಒಲೆಯ ಕೆಲಸದಿಂದ ಗಟ್ಟಿಯಾಗಿರಬಹುದು ಎಂದು ಊಟಕ್ಕೆ ಕೂತಾಗ ಅಂದುಕೊಂಡಳು. ಹಾಗಿದ್ದರೆ ಬಲಗೈಗೆ ಬಾಳೆಲೆ ಯಾಕೆ ಬೇಕು? ಗೆಣಸಿನ ಹೊಲ ಅಗೆದು ಬಂದದ್ದಿರಬಹುದು. ಅಗೆದರೆ ಅಂಗೈ ಗಟ್ಟಿಯಾಗುತ್ತದೆ, ಬೆರಳ ತುದಿಯಲ್ಲ. ಎಡಗೈಯ ನಾಲ್ಕು ಬೆರಳ ತುದಿ ಮಾತ್ರ ಗಟ್ಟಿಯಾಗಿ, ಹೆಬ್ಬೆರಳು ಮೆತ್ತಗೇ ಉಳಿಯುವ ಕೆಲಸ ಲೋಕದಲ್ಲಿ ಯಾವುದು? ಉತ್ತರ ಹೊಳೆದಾಗ ಅವಳ ಬಾಯಿಯ ಊಟ ಬಾಯಲ್ಲೇ ಉಳಿಯಿತು. ತಂತಿ ಒತ್ತುವ ಕೆಲಸ.

ಕದ್ದು ನುಡಿಸುತ್ತಿದ್ದಾನೆ.

ಕೋಪ ಬಂತು. ಯಾಕೆಂದರೆ ಹಳೆಯದೊಂದು ಮುಳ್ಳು ಮೊದಲೇ ಚುಚ್ಚಿಕೊಂಡಿತ್ತು. ಮಣ್ಣಿನ ದಿನ ಊರಿಗೆ ಊರೇ ಅತ್ತಿತ್ತು. ಸೆಮಿಸಿಯ ಕಣ್ಣಿಂದ ಒಂದು ಹನಿ ಬಿದ್ದಿರಲಿಲ್ಲ. ದಪ್ಪ ಚರ್ಮದವನು ಎಂದು ಹೆಂಗಸರು ಮಾತಾಡಿಕೊಂಡರು. ಲೆಸಿಯೆಲಿ ಆಗ ಅವನ ಪರ ವಹಿಸಲಿಲ್ಲ, ವಿರುದ್ಧವೂ ಮಾತಾಡಲಿಲ್ಲ. ಆದರೆ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು. ಅವನು ಅಳದೇ ಇರಲು ಕಾರಣವೂ ಇತ್ತಲ್ಲ! ಚಿಕ್ಕಂದಿನಲ್ಲಿ ಅವನು ಗಿಟಾರ್ ಕಲಿತದ್ದು ಅಮ್ಮ ಬಟ್ಟೆ ಬಡಿಯುತ್ತಿದ್ದ ಹಲಸಿನ ಜಾತಿಯ ಆ ದೀವಿ ಮರದ ಕೆಳಗೆ. ಸ್ವರ ತಪ್ಪಿದರೆ ಅಮ್ಮ ಬಡಿಯುವುದನ್ನು ನಿಲ್ಲಿಸಿ, ದಿಮ್ಮಿಯ ಬರಿ ಮೈಗೆ ಕೊಡತಿಯಿಂದ ಒಂದೇ ಒಂದು ಏಟು ಹಾಕುತ್ತಿದ್ದಳು. "ತಪ್ಪು. ಮೊದಲಿಂದ." ಸರಿಯಾಗಿ ಬಂದರೆ ಹೊಗಳುತ್ತಿರಲಿಲ್ಲ, ತನ್ನ ಬಡಿತವನ್ನು ಮುಂದುವರಿಸುತ್ತಿದ್ದಳು ಅಷ್ಟೆ. ಮೀಸೆ ಬಂದ ಮೇಲೂ ಅವನಿಗೆ ಇದೇ ಉಪಚಾರ. ಅಂಥ ಅತ್ತೆ ಹೋದರೆ ಯಾವ ಅಳಿಯ ತಾನೇ ಅತ್ತಾನು, ಒಳಗೊಳಗೇ ಉಸ್ಸಪ್ಪಾ ಎಂದಿರಬೇಕು ಎಂದು ಲೆಸಿಯೆಲಿ ತೀರ್ಮಾನಿಸಿದ್ದಳು.

ಬರುವ ಶನಿವಾರ ವರ್ಷ ತುಂಬುತ್ತಿತ್ತು. ಅಂದು ಚಾಪೆ ಸುತ್ತಿಕೊಂಡಿದ್ದ ಮನೆಯವರೆಲ್ಲ ಒಬ್ಬೊಬ್ಬರಾಗಿ, ತೀರಿಹೋದವಳ ಮಗಳಾದ ಲೆಸಿಯೆಲಿಯ ಮುಂದೆ ಬಂದು ಕೂರಬೇಕು. ಅವಳು ಬಿಚ್ಚಿ ಎಂದರೆ ಚಾಪೆ ಬಿಚ್ಚಬೇಕು. ಅವಳು ಹೇಳದಿದ್ದರೆ ಇಲ್ಲ. ಚಾಪೆ ಬಿಚ್ಚದವನ ಮನೆಯ ಶುಭಕ್ಕೆ ಅವಳು ಹೋಗುವಂತೆಯೂ ಇಲ್ಲ. ಸೆಮಿಸಿಯ ದೊಡ್ಡ ಮಗಳ ಮದುವೆ ಮುಂದಿನ ತಿಂಗಳೇ ಇತ್ತು. ಅಲ್ಲಿ ಎಲ್ಲರಿಗಿಂತ ಮೇಲೆ ಕೂರಬೇಕಾದ ಸೋದರತ್ತೆ ಲೆಸಿಯೆಲಿಯೇ. ಅವಳ ಜಾಗ ಖಾಲಿ ಬಿದ್ದರೆ ಆ ಹುಡುಗಿ ಊರಲ್ಲಿ ಮುಖ ತೋರಿಸುವುದು ಹೇಗೆ? ಇಷ್ಟೆಲ್ಲ ಗೊತ್ತಿದ್ದೂ ಕದ್ದು ನುಡಿಸಿದನೇ? ಹಾಗಾದರೆ ಅಮ್ಮ ಸತ್ತದ್ದು ತನಗೊಬ್ಬಳಿಗೆ ಮಾತ್ರವೇ?

ಸೋಮವಾರ ಬೆಳಗ್ಗೆ ಮೊದಲು ಗಿಟಾರನ್ನೇ ನೋಡಿದಳು. ಸೆಮಿಸಿ ಅದನ್ನು ಮಣ್ಣಿನ ದಿನವೇ ತಂದು ಅತ್ತೆಯ ಮನೆಯಲ್ಲಿ ಇಟ್ಟುಹೋಗಿದ್ದ. ಮಂಚದ ಕೆಳಗಿಂದ ಎಳೆದಾಗ ಧೂಳು ಮೂಗಿಗೆ ಬಡಿಯಿತು. ತಂತಿಗಳಿಗೆ ತುಕ್ಕು ಹಿಡಿದಿತ್ತು. ಒಳಗೆ ಏನೋ ಗುಡುಗುಡು ಎಂದಿತು. ಬಗ್ಗಿಸಿ ಅಲ್ಲಾಡಿಸಿದರೆ ಎರಡು ಹಲ್ಲಿ ಮೊಟ್ಟೆ ಉರುಳಿ ಬಂದವು. ಇದನ್ನು ಯಾರೂ ಮುಟ್ಟಿಲ್ಲ ಎಂಬುದಕ್ಕೆ ಹಲ್ಲಿಗಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಹಾಗಾದರೆ ಬೇರೆಯವರ ಗಿಟಾರ್. ಅವಳು ಕೊಡೆ ಹಿಡಿದು ಫೆಲೆಟಿಯ ಮನೆಗೆ ಹೋದಳು. ಫೆಲೆಟಿ ಸೆಮಿಸಿಯ ಜತೆ, ಗಂಡಸರು ಸೇರಿ ಕಾವಾ ಬೇರಿನ ಪಾನಕ ಕುಡಿಯುವ ಕೂಟದಲ್ಲಿ ನುಡಿಸುವವನು, ನಾಲಗೆಗೆ ಬೀಗ ಇಲ್ಲದವನು. ಅಂಗಳದಲ್ಲಿ ದೋಣಿಯ ಇಂಜಿನ್ ಬಿಚ್ಚಿ ಹರವಿಕೊಂಡು ಕೂತಿದ್ದ.

"ಫೆಲೆಟಿ, ಸುಳ್ಳು ಹೇಳಿದ್ರೆ ನೋಡು. ಸೆಮಿಸಿ ನಿಮ್ಮ ಕೂಟಕ್ಕೆ ಬರ್ತಾನಾ?"

"ಬರ್ತಾನೆ ಅಕ್ಕ. ಬಂದು ಮೂಲೇಲಿ ಕೂತ್ಕೊಂಡು, ಕಾವಾ ಕುಡಿದು, ಒಂದು ಮಾತೂ ಆಡದೆ ಹೋಗ್ತಾನೆ. ಅವನ ಮುಖ ನೋಡಿ ನೋಡಿ ನಮ್ಮ ಶ್ರುತಿ ಕೆಟ್ಟುಹೋಗಿದೆ."

"ಗಿಟಾರ್ ಮುಟ್ಟಲ್ವಾ?"

"ಮುಟ್ಟಿದ್ರೆ ನನ್ನ ಹಲ್ಲು ಉದುರಿಸಿ. ನಾನೇ ಒಂದ್ಸಲ, ಯಾರೂ ಇಲ್ಲ ಹಿಡ್ಕೊಳ್ಳೋ ಅಂದೆ. ಅತ್ತೆ ಕೇಳಿಸ್ಕೊಳ್ತಾರೆ ಅಂದ. ಸತ್ತೋರಿಗೆ ಕಿವಿ ಎಲ್ಲಿ ಅಂದೆ. ಎದ್ದು ಹೋದ."

ಲೆಸಿಯೆಲಿ ಕೊಡೆಯ ತುದಿಯಿಂದ ಅವನ ಎಡಗೈ ತೋರಿಸಿದಳು. "ನಿನ್ನ ಬೆರಳು ತೋರಿಸು."

ಫೆಲೆಟಿ ಎಣ್ಣೆ ಒರೆಸಿ ತೋರಿಸಿದ. ತುದಿಗಳು ಹಳೆಯ ಗುಂಡಿಗಳ ಹಾಗೆ ಹೊಳೆಯುತ್ತಿದ್ದವು. ಅವಳು ಉಗುರಿನಿಂದ ತಟ್ಟಿದಳು. ಟಕ್ ಟಕ್ ಎಂದಿತು. "ನೋವಾಗುತ್ತಾ?" "ಗೊತ್ತೇ ಆಗಲ್ಲ." "ಮತ್ತೆ ತಂತಿ ಗೊತ್ತಾಗೋದು ಹೇಗೆ?" ಫೆಲೆಟಿ ಯೋಚಿಸಿದ. ಈ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. "ಅದು ಮಾತ್ರ ಗೊತ್ತಾಗುತ್ತೆ ಅಕ್ಕ. ಬಿಸಿ, ಚಳಿ, ಮುಳ್ಳು ಏನೂ ಗೊತ್ತಾಗಲ್ಲ, ತಂತಿ ಗೊತ್ತಾಗುತ್ತೆ. ಯಾಕೋ ಏನೋ."

"ನುಡಿಸದೇ ಇದ್ರೆ?"

"ಕೈಗೆ ಪೆಟ್ಟಾಗಿ ಸುಮ್ನೆ ಕೂತಿದ್ನಲ್ಲ, ಆಗ ಎಲ್ಲಾ ಕಿತ್ಕೊಂಡು ಬಂತು. ಮತ್ತೆ ಶುರು ಮಾಡಿದಾಗ ಅಳು ಬಂತು, ದೇವರಾಣೆ." ಅವನು ಕಣ್ಣು ಕಿರಿದು ಮಾಡಿ ನೋಡಿದ. "ಯಾಕೆ ಅಕ್ಕ, ಗಿಟಾರ್ ಕಲೀತೀರಾ?"

ಅವಳು ಕೊಡೆ ಬಿಡಿಸಿ ಹೊರಟಳು. ಜಡ್ಡು ಇದೆ, ನುಡಿಸಿಲ್ಲ. ಎರಡೂ ನಿಜವಾಗುವುದು ಹೇಗೆ? ದಾರಿಯುದ್ದಕ್ಕೂ ತಲೆ ಕೆರೆದುಕೊಂಡಳು. ಕೊನೆಗೆ, ಎರಡೂ ನಿಜವಾಗಲು ಸಾಧ್ಯವಿಲ್ಲ, ಫೆಲೆಟಿ ಗೆಳೆಯನನ್ನು ಕಾಪಾಡುತ್ತಿದ್ದಾನೆ ಎಂದುಕೊಂಡಳು. ಅರ್ಥವಾಗದ್ದರ ಜತೆ ಇರುವುದಕ್ಕಿಂತ ಕೋಪದ ಜತೆ ಇರುವುದು ಸುಲಭ.

ಬುಧವಾರ ಇಗರ್ಜಿಯ ಪ್ರಾರ್ಥನೆಯಲ್ಲಿ ಪಾದ್ರಿಗಳು ಫಲಕಿಕಾಳ ಹೆಸರೆತ್ತಿ ಉದ್ದಕ್ಕೆ ಮಾತಾಡಿದರು. ಹೆಂಗಸರು ಕಣ್ಣೊರೆಸಿಕೊಂಡರು. ಲೆಸಿಯೆಲಿ ತಲೆ ತಗ್ಗಿಸಿದ ಹಾಗೆ ಮಾಡಿ ಓರೆಗಣ್ಣಲ್ಲಿ ಗಂಡಸರ ಸಾಲು ನೋಡಿದಳು. ಸೆಮಿಸಿ ಎದುರು ಗೋಡೆ ನೋಡುತ್ತ ಕೂತಿದ್ದ, ಮುಖದಲ್ಲಿ ಏನೂ ಇರಲಿಲ್ಲ. ಎಡಗೈ ಮಾತ್ರ ಸೊಂಟದ ಹತ್ತಿರ ಆಡುತ್ತಿತ್ತು. ಕೆರೆದುಕೊಳ್ಳುತ್ತಿದ್ದಾನೆ! ಒರಟು ಚಾಪೆ ಚುಚ್ಚುತ್ತದೆ, ನಾರಿನ ಹುರಿ ತುರಿಸುತ್ತದೆ, ನಿಜ. ಎಲ್ಲರಿಗೂ ತುರಿಸುತ್ತದೆ. ಆದರೆ ಅಮ್ಮನ ಹೆಸರು ಹೇಳುವಾಗಲೂ ಯಾವಾಗ ಇದನ್ನು ಬಿಚ್ಚಿ ಬಿಸಾಡುತ್ತೇನೋ ಎಂಬಂತೆ ಕೆರೆದುಕೊಳ್ಳಬೇಕೇ? ಅವನ ಬೆರಳಷ್ಟೇ ಅಲ್ಲ, ಮನಸ್ಸೂ ಜಡ್ಡುಗಟ್ಟಿದೆ ಎಂದುಕೊಂಡಳು. ಶನಿವಾರ ಅವನಿಗೆ ಬಿಚ್ಚು ಎನ್ನಬಾರದು ಎಂದು ಅಲ್ಲೇ ನಿಶ್ಚಯಿಸಿದಳು.

ಶನಿವಾರ ಹಿತ್ತಲ ದೀವಿ ಮರದ ಕೆಳಗೆ ಚಾಪೆ ಹಾಸಿದರು. ಅಮ್ಮನ ದಿಮ್ಮಿ ವರ್ಷದಿಂದ ಅಲ್ಲೇ ಬಿದ್ದಿತ್ತು, ಕೊಡತಿ ಅದರ ಪಕ್ಕದಲ್ಲಿ ಬಟ್ಟೆಯಲ್ಲಿ ಸುತ್ತಿಕೊಂಡಿತ್ತು. ಒಬ್ಬೊಬ್ಬರಾಗಿ ಬಂದರು, ಲೆಸಿಯೆಲಿ "ಬಿಚ್ಚು" ಎಂದಳು, ಚಾಪೆಗಳು ಒಂದು ಕಡೆ ರಾಶಿ ಬಿದ್ದವು. ಕೊನೆಗೆ ಸೆಮಿಸಿ ಬಂದು ದೂರದಲ್ಲಿ ಕಾಲು ಮಡಿಸಿ ಕೂತ. ಅವಳು ಬಾಯಿ ತೆರೆಯಲಿಲ್ಲ. ಮದುವೆಯ ಹುಡುಗಿ ತಾಯಿಯ ತೋಳು ಹಿಡಿದುಕೊಂಡಳು.

"ಎಡಗೈ ತೋರಿಸು" ಎಂದಳು ಲೆಸಿಯೆಲಿ.

ಅಕ್ಕ ತಮ್ಮನಿಗೆ ನಾಲ್ಕು ಜನರೆದುರು ಕೈ ತೋರಿಸು ಎನ್ನುವುದನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಒಬ್ಬ ಮುದುಕಿ ಕೆಮ್ಮಿದಳು. ಸೆಮಿಸಿ ಅಂಗೈ ಮೇಲೆ ಮಾಡಿ ಚಾಚಿದ. ಅಷ್ಟು ದೂರದಿಂದಲೂ ಬೆರಳ ತುದಿಗಳು ಹೊಳೆಯುವುದು ಕಂಡಿತು.

"ವರ್ಷ ಪೂರ್ತಿ ಗಿಟಾರ್ ಮುಟ್ಟದೋನ ಬೆರಳಾ ಇದು?"

"ಮುಟ್ಟಿಲ್ಲ ಅಕ್ಕ."

"ಮತ್ತೆ ಈ ಜಡ್ಡು ಎಲ್ಲಿಂದ ಬಂತು?"

ಸೆಮಿಸಿ ತನ್ನ ಬೆರಳುಗಳನ್ನು ತಾನೇ ಮೊದಲ ಸಲ ಕಂಡವನಂತೆ ನೋಡಿದ. "ನಂಗೂ ಗೊತ್ತಿಲ್ಲ ಅಕ್ಕ."

ಜನ ಗುಸುಗುಸು ಎಂದರು. ಗೊತ್ತಿಲ್ಲವಂತೆ! ಅಷ್ಟರಲ್ಲಿ ಮಕೆಲೆಸಿ ತಡೆಯಲಾರದೆ ಎದ್ದು ಬಂದಳು. ಮುಖ ಕೆಂಪಾಗಿತ್ತು.

"ಅತ್ತಿಗೆ, ನೀವು ದೊಡ್ಡೋರು, ಬೈಯಿರಿ, ಬೇಡ ಅನ್ನಲ್ಲ. ಆದ್ರೆ ಇವ್ರು ಕಟ್ಟು ಮುರಿದ್ರು ಅನ್ಬೇಡಿ. ಈ ಚಾಪೆ ಇಲ್ಲದೆ ಹೊಸಿಲು ದಾಟಿಲ್ಲ ಇವ್ರು, ಹೊಲಕ್ಕೂ ಕಟ್ಕೊಂಡೇ ಹೋಗ್ತಿದ್ರು. ಹುರಿ ಹೇಗೆ ಸವೆದಿದೆ ನೋಡಿ. ಹರಿದಾಗೆಲ್ಲ ನಾನೇ ಗಂಟು ಹಾಕಿದ್ದೀನಿ, ಅದೂ ಯಾವಾಗ್ಲೂ ಒಂದೇ ಕಡೆ ಹರಿಯುತ್ತೆ ದರಿದ್ರದ್ದು!"

ಲೆಸಿಯೆಲಿ ಕೋಪದಲ್ಲೇ ಇದ್ದಳು. ಆದರೆ ಕಿವಿ ನೆಟ್ಟಗಾಯಿತು. "ಒಂದೇ ಕಡೆ? ಯಾವ ಕಡೆ?"

"ಎಡಗಡೆ."

"ಯಾಕೆ ಎಡಗಡೆ?"

"ನಂಗೇನು ಗೊತ್ತು!"

"ಕೊಡು ಇಲ್ಲಿ" ಎಂದಳು. ಮಕೆಲೆಸಿ ಗಂಡನ ಸೊಂಟದ ಹುರಿ ಬಿಚ್ಚಿ ತಂದು ಕೈಗಿಟ್ಟಳು. ಹೊಸದಾಗಿ ಮೆತ್ತಗಾಗಿದ್ದ ಅಂಗೈಗೆ ನಾರು ಚುಚ್ಚಿತು. ಸುತ್ತಲೂ ಮುಳ್ಳು ಮುಳ್ಳು. ಎಡಗಡೆ ಬರುವ ಒಂದು ಗೇಣಿನಲ್ಲಿ ಮಾತ್ರ ಹುರಿ ನಯವಾಗಿ, ಕಪ್ಪಾಗಿ ಹೊಳೆಯುತ್ತಿತ್ತು. ಅಲ್ಲಲ್ಲಿ ಎಳೆ ತುಂಡಾಗಿ ಗಂಟು ಬಿದ್ದಿತ್ತು. ಅವಳು ಬೆರಳಾಡಿಸಿದಳು. ಕೆರೆದರೆ ಹೀಗೆ ಸವೆಯುವುದಿಲ್ಲ. ಸಣ್ಣ ಸಣ್ಣ ಗುಳಿಗಳಿದ್ದವು, ಬೆರಳ ತುದಿ ಕೂರುವಷ್ಟು.

ಅವಳು ಹುರಿಯನ್ನು ಮಕೆಲೆಸಿಯ ಕೈಗೆ ವಾಪಸು ಕೊಟ್ಟಳು. "ಅವನ ಸೊಂಟಕ್ಕೆ ಮತ್ತೆ ಕಟ್ಟು. ಸೆಮಿಸಿ, ಇಗರ್ಜಿಯಲ್ಲಿ ಕೂತಾಗ ಕೈ ಎಲ್ಲಿಡ್ತೀಯೋ ಅಲ್ಲಿಡು. ಇಟ್ಟು ಸುಮ್ನೆ ಕೂತ್ಕೋ. ಏನೂ ಮಾಡ್ಬೇಡ."

ಸೆಮಿಸಿ ಇಟ್ಟ. ಇಷ್ಟು ಜನ ತನ್ನ ಸೊಂಟವನ್ನೇ ನೋಡುವಾಗ ಯಾರಿಗೆ ತಾನೇ ಸುಮ್ಮನೆ ಕೂರಲು ಬರುತ್ತದೆ? ಮೊದಲು ಬೆರಳು ಸೆಟೆದುಕೊಂಡಿದ್ದವು. ಮಕ್ಕಳು ಬೇಸತ್ತು ಆಟಕ್ಕೆ ಓಡಿದವು. ಯಾರೋ ಸೊಳ್ಳೆ ಹೊಡೆದರು. ಸೆಮಿಸಿಯ ಕಣ್ಣು ದಿಮ್ಮಿಯ ಕಡೆ ಹೋಯಿತು, ಅಲ್ಲೇ ನಿಂತಿತು. ಆಗ ಬೆರಳುಗಳು ತಮ್ಮಷ್ಟಕ್ಕೆ ತಾವು ಹುರಿಯ ಮೇಲೆ ಕೂತವು, ಒತ್ತಿದವು, ಎದ್ದವು, ಪಕ್ಕಕ್ಕೆ ಸರಿದು ಮತ್ತೆ ಒತ್ತಿದವು.

ಹಿಂದಿನ ಸಾಲಿನಿಂದ ಫೆಲೆಟಿ ಮಂಡಿಯೂರಿ ಮುಂದೆ ಬಂದ. "ಅರೆ, ಅರೆ" ಎಂದ. ಬೆರಳುಗಳನ್ನೇ ನೋಡುತ್ತ, ಹಲ್ಲಿನ ಸಂದಿಯಲ್ಲಿ ಗುನುಗತೊಡಗಿದ. ಅಲ್ಲಿದ್ದವರಿಗೆಲ್ಲ ಗೊತ್ತಿದ್ದ ಹಾಡು ಅದು, ದಕ್ಷಿಣದ ಗಾಳಿಗೆ ದೋಣಿ ಬಿಟ್ಟವರ ಹಳೆಯ ಹಾಡು. ಬೆರಳು ಮುಂದೆ, ಗುನುಗು ಹಿಂದೆ. ಎರಡನೇ ಸಾಲಿನ ತಿರುವಿಗೆ ಬಂದಾಗ ಬೆರಳುಗಳು ನಿಂತವು. ಗಾಳಿಯಲ್ಲಿ ಎದ್ದು ಹಾಗೇ ನಿಂತವು. ಆಮೇಲೆ ಇಳಿದು ಮೊದಲಿಂದ ಶುರು ಮಾಡಿದವು. ಮತ್ತೆ ಆ ತಿರುವು, ಮತ್ತೆ ನಿಂತವು.

"ಅಲ್ಲೇ ಯಾಕೋ ನಿಲ್ಲಿಸ್ತೀಯ? ಮುಂದಕ್ಕೆ ಹೋಗೋ ಮಾರಾಯ!" ಎಂದ ಫೆಲೆಟಿ.

"ಏನು ನಿಲ್ಲಿಸಿದೆ?" ಎಂದ ಸೆಮಿಸಿ. ಕೆಳಗೆ ನೋಡಿ, ತನ್ನ ಕೈ ಕಂಡು, ಬಿಸಿ ತಾಗಿದವನಂತೆ ಕಿತ್ತುಕೊಂಡ. ಮುಖ ಬಿಳಿಚಿತು. "ಅಕ್ಕ, ನಾನು... ನಂಗೆ ಗೊತ್ತೇ ಇರ್ಲಿಲ್ಲ."

"ಕಟ್ಟು ಮುರಿದ ಹಾಗೇ ಆಯ್ತಲ್ಲ" ಎಂದಳು ಕೆಮ್ಮಿದ ಮುದುಕಿ.

"ಸದ್ದೇ ಇಲ್ಲದ್ದು ಹಾಡಾ ಅಜ್ಜಿ? ಹಾಗಾದ್ರೆ ನೀವು ಕನಸಲ್ಲಿ ಕುಣಿದಿದ್ದಕ್ಕೂ ದಂಡ ಹಾಕ್ಬೇಕು" ಎಂದ ಫೆಲೆಟಿ.

ಲೆಸಿಯೆಲಿ ಇದ್ಯಾವುದನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಬೆರಳು ಯಾಕೆ ಅಲ್ಲಿ ನಿಂತವೆಂದು ಫೆಲೆಟಿಗೆ ಗೊತ್ತಿರಲಿಲ್ಲ, ಸೆಮಿಸಿಗೂ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು. ಈ ಮರದ ಕೆಳಗೆ ಬಾಲ್ಯವೆಲ್ಲ ಅವಳು ಅದೇ ತಿರುವಿನಲ್ಲಿ ಆ ಏಟು ಕೇಳಿದ್ದಳು. ಅವನ ಬೆರಳು ಅಲ್ಲಿಯವರೆಗೆ ಹೋಗಿ, ಅಮ್ಮ ಬೈಯಲಿ ಎಂದು ಕಾಯುತ್ತಿದ್ದವು. ಇಗರ್ಜಿಯಲ್ಲಿ, ಹೊಲದಲ್ಲಿ, ಕಾವಾ ಕೂಟದ ಮೂಲೆಯಲ್ಲಿ, ವರ್ಷವಿಡೀ ಕಾದಿದ್ದವು. ಏಟು ಬೀಳಲಿಲ್ಲವೆಂದು ಮತ್ತೆ ಮೊದಲಿಂದ ಶುರು ಮಾಡಿದ್ದವು. ಅಳದವನ ಅಳುವೆಲ್ಲ ಆ ಹುರಿಯ ಮೇಲೆ ಸವೆದಿತ್ತು. ತಾನು ಅದನ್ನು ತುರಿಕೆ ಎಂದುಕೊಂಡೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು, ಸಂಕಟವಾಯಿತು. ತನ್ನ ಜತೆ ಇನ್ನೊಬ್ಬರು ಇದ್ದರು ಎಂದು ಹೇಳಲಾರದಷ್ಟು ಸಮಾಧಾನವೂ ಆಯಿತು.

"ಕೈ ಅಲ್ಲೇ ಇಡು" ಎಂದಳು. "ಮತ್ತೆ ನುಡಿಸು."

ಅವಳು ಎದ್ದು ದಿಮ್ಮಿಯ ಬಳಿ ಹೋಗಿ ಕೂತಳು. ಬಟ್ಟೆ ಬಿಚ್ಚಿ ಅಮ್ಮನ ಕೊಡತಿಯನ್ನು ಕೈಗೆತ್ತಿಕೊಂಡಳು. ಸೆಮಿಸಿ ಬೆರಳನ್ನು ಹುರಿಗಿಟ್ಟ, ಫೆಲೆಟಿ ಗುನುಗಿದ. ಮೊದಲ ಸಾಲು ಹೋಯಿತು. ಎರಡನೆಯದು ಬಂತು. ತಿರುವಿನಲ್ಲಿ ಬೆರಳುಗಳು ಎದ್ದು ನಿಂತವು.

ಲೆಸಿಯೆಲಿ ದಿಮ್ಮಿಯ ಬರಿ ಮೈಗೆ ಒಂದೇ ಒಂದು ಏಟು ಹಾಕಿದಳು. ಕೋಳಿಗಳು ಹಾರಿ ಓಡಿದವು.

"ತಪ್ಪು" ಎಂದಳು. "ಮೊದಲಿಂದ."

ಸೆಮಿಸಿಯ ಬಾಯಿಂದ ಒಂದು ಸದ್ದು ಬಂತು. ಅದು ಅಳು ಎಂದು ಎಲ್ಲರಿಗೂ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅವನು ಚಿಕ್ಕ ಮಗುವಿನಂತೆ ಬಾಯಿ ಬಿಟ್ಟು ಅತ್ತ, ಮೂಗು ಸುರಿಸಿಕೊಂಡು ಅತ್ತ. ಮಕೆಲೆಸಿ ಹತ್ತಿರ ಹೋಗಿ ಕೂತಳು, ಅವನ ಮಗಳು ಇನ್ನೊಂದು ಕಡೆ ಕೂತಳು. ಅಳುತ್ತಲೇ ಅವನು ಎಡಗೈಯನ್ನು ಹುರಿಗೆ ತಂದ. ಬೆರಳುಗಳು ಮೊದಲಿಂದ ಶುರು ಮಾಡಿದವು. ಫೆಲೆಟಿ ಗುನುಗುವುದನ್ನು ಬಿಟ್ಟು ಮೂಗು ಒರೆಸಿಕೊಂಡ. ಬೇರೆ ಯಾರೋ ಹಾಡು ಎತ್ತಿಕೊಂಡರು, ಇನ್ನಿಬ್ಬರು ಸೇರಿಕೊಂಡರು, ಕೆಮ್ಮುವ ಮುದುಕಿಯೂ ಸೇರಿಕೊಂಡಳು. ತಿರುವು ಬಂತು. ಲೆಸಿಯೆಲಿ ಕೊಡತಿ ಎತ್ತಿ ಹಿಡಿದಿದ್ದಳು. ಬೆರಳುಗಳು ಒಂದು ಕ್ಷಣ ತಡೆದು, ಸರಿಯಾದ ಜಾಗಕ್ಕೆ ಇಳಿದು ಒತ್ತಿದವು.

ಅಮ್ಮನಂತೆ ಅವಳೂ ಹೊಗಳಲಿಲ್ಲ. ಖಾಲಿ ದಿಮ್ಮಿಯ ಮೇಲೆ, ತೊಗಟೆ ಇದ್ದಂತೆಯೇ, ಬಡಿಯತೊಡಗಿದಳು. ಹಾಡು ಮುಂದಕ್ಕೆ ಹೋಯಿತು. ಹಾಡು ಮುಗಿಯಲಿ, ಆಮೇಲೆ ಅವನಿಗೂ ಬಿಚ್ಚು ಎನ್ನುತ್ತೇನೆ ಎಂದುಕೊಂಡಳು. ಸ್ವಲ್ಪ ಹೊತ್ತಿಗೆಲ್ಲ ಅಂಗೈ ಉರಿಯಿತು, ಬೆರಳ ಬುಡದಲ್ಲಿ ಬೊಬ್ಬೆ ಏಳುವುದು ಗೊತ್ತಾಯಿತು. ಅವಳು ಕೊಡತಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.